ಚಿತ್ರದ ಹಕ್ಕಿ ಹಾರ ನುಂಗಿದ ಮೇಲೆ

ಶನಿಮಹಾತ್ಮೆಯ ಕಥೆಯಲ್ಲಿ ಒಂದು ಗಳಿಗೆ ಬರುತ್ತದೆ. ರಾಜ್ಯ ಕಳೆದುಕೊಂಡ ವಿಕ್ರಮಾದಿತ್ಯ ತಾನು ಯಾರೆಂದು ಹೇಳದೆ, ಕಂಡರಿಯದ ಊರಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ತಂಗಿದ್ದಾನೆ. ಕೋಣೆಯ ಗೋಡೆಯಲ್ಲಿ ಒಂದು ಚಿತ್ರ, ಚಿತ್ರದಲ್ಲೊಂದು ಹಕ್ಕಿ. ಪಕ್ಕದಲ್ಲೇ ಆ ಮನೆಯ ಮಗಳು ಕಳಚಿಟ್ಟ ಹಾರ. ಅವನು ನೋಡನೋಡುತ್ತಿದ್ದಂತೆ ಚಿತ್ರದ ಹಕ್ಕಿಗೆ ಜೀವ ಬರುತ್ತದೆ, ಕತ್ತು ಚಾಚಿ ಹಾರವನ್ನು ನುಂಗುತ್ತದೆ, ಮತ್ತೆ ಬರಿಯ ಬಣ್ಣವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಹಾರ ಎಲ್ಲಿ ಎಂದು ಕೇಳಿದವರಿಗೆ ಅವನು ಏನು ಹೇಳಬೇಕು? ನಿಜ ಹೇಳಿದರೆ ಹುಚ್ಚ, ಸುಮ್ಮನಿದ್ದರೆ ಕಳ್ಳ. ಕೊನೆಗೆ ಆ ಊರಿನ ರಾಜ ಅವನ ಕೈಕಾಲು ಕತ್ತರಿಸಲು ಆಜ್ಞೆ ಮಾಡುತ್ತಾನೆ.

ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರ ಬರುವ ಭಕ್ತರಲ್ಲಿ ಈ ಕಥೆ ಕೇಳದವರು ವಿರಳ. ಶ್ರಾವಣದ ಶನಿವಾರಗಳಲ್ಲಂತೂ ತುಮಕೂರು ಜಿಲ್ಲೆಯವರ ಜೊತೆಗೆ ಗಡಿಯಾಚೆಯ ಆಂಧ್ರದವರೂ ಸಾಲುಗಟ್ಟುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಇದೇ ಕಥೆ ರಾತ್ರಿಯಿಡೀ ನಡೆಯುವ ನಾಟಕವೂ ಹೌದು. ಊರಿನ ರೈತ, ಮೇಷ್ಟ್ರು, ಅಂಗಡಿಯವ ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಬಳಿ ಪಾಠ ಕಲಿತು ವಿಕ್ರಮನಾಗುತ್ತಾರೆ, ಶನಿಯಾಗುತ್ತಾರೆ. 1950ರಲ್ಲೇ ಕೆಂಪರಾಜ ಅರಸ್ ಇದನ್ನು ‘ರಾಜಾ ವಿಕ್ರಮ’ ಎಂದು ತೆರೆಗೆ ತಂದರು. ಭಕ್ತಿಯ ಕಥೆಯಾಗಿಯೇ ಇದು ಪೀಳಿಗೆಯಿಂದ ಪೀಳಿಗೆಗೆ ದಾಟಿ ಬಂದಿದೆ. ಭಕ್ತಿಯನ್ನು ಒಂದಿಷ್ಟು ಬದಿಗಿಟ್ಟು ಆ ಕೋಣೆಯೊಳಗೆ ನಿಂತು ನೋಡಿದರೆ, ಜಗತ್ತಿನ ಅತ್ಯುತ್ತಮ ಮನೋವೈಜ್ಞಾನಿಕ ಭಯಾನಕ ಚಿತ್ರಗಳು ಯಾವುದರ ಮೇಲೆ ನಿಂತಿವೆಯೋ ಆ ಅಡಿಪಾಯವೇ ಇಲ್ಲಿದೆ. ಕಂಡವನು ಒಬ್ಬ, ನಂಬದವರು ಊರಿಗೆ ಊರೇ.

ಹಕ್ಕಿ ಹಾರ ನುಂಗುವುದರಲ್ಲಿ ಭಯವಿಲ್ಲ, ಅಲ್ಲಿರುವುದು ಬೆರಗು ಮಾತ್ರ. ಭಯ ಶುರುವಾಗುವುದು ಅದಾದ ಮರುಕ್ಷಣ, ಇದನ್ನು ಇನ್ನು ಯಾರಿಗೂ ಹೇಳುವಂತಿಲ್ಲ ಎಂದು ವಿಕ್ರಮನಿಗೆ ಹೊಳೆದಾಗ. ರೋಮನ್ ಪೊಲಾನ್‌ಸ್ಕಿಯ ‘ರೋಸ್‌ಮೆರೀಸ್ ಬೇಬಿ’ (1968) ಚಿತ್ರದ ಬಸುರಿ ಹೆಂಗಸು ಗಂಡನಿಗೆ ಹೇಳುತ್ತಾಳೆ, ವೈದ್ಯರಿಗೆ ಹೇಳುತ್ತಾಳೆ, ಯಾರೂ ನಂಬುವುದಿಲ್ಲ. ಜೆನಿಫರ್ ಕೆಂಟ್‌ರ ‘ಬಾಬಾಡೂಕ್’ (2014) ಚಿತ್ರದ ವಿಧವೆ ತಾಯಿಗೆ ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋಗುತ್ತದೆ. ದೇಶ ಬೇರೆ, ಕಾಲ ಬೇರೆ. ಇಕ್ಕಟ್ಟು ಮಾತ್ರ ಅದೇ.

ಏಳರಾಟದ ಶನಿ ಕೆಲಸ ಮಾಡುವ ಬಗೆಯೂ ಹೀಗೆಯೇ ಒಳಗಿನದು. ಏಳೂವರೆ ವರ್ಷ ಕೆಟ್ಟ ಕಾಲ ಎಂದು ಒಮ್ಮೆ ಕಿವಿಗೆ ಬಿದ್ದರೆ ಸಾಕು. ಬೋರ್‌ವೆಲ್ ಬತ್ತಿದ್ದು, ಹಸು ಕಂದು ಹಾಕಿದ್ದು, ಮಗನಿಗೆ ಒಪ್ಪಿದ್ದ ಸಂಬಂಧ ಮುರಿದದ್ದು ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಎದುರಿಗೆ ಯಾರೂ ಬರುವುದಿಲ್ಲ, ಯಾರೂ ಕಿರುಚುವುದಿಲ್ಲ. ನೋಡುವ ಮನಸ್ಸೇ ಪ್ರತಿಯೊಂದನ್ನೂ ಸೂಚನೆಯಾಗಿ ಓದಿಕೊಳ್ಳುತ್ತದೆ. ಒಳ್ಳೆಯ ನಿರ್ದೇಶಕ ಪ್ರೇಕ್ಷಕನನ್ನು ತರಬೇಕಾದದ್ದು ಈ ಸ್ಥಿತಿಗೆ. ಪರದೆಯ ಮೂಲೆಯಲ್ಲಿ ಅರ್ಧ ತೆರೆದ ಬಾಗಿಲು ಕಂಡರೂ, ಅದರ ಆಚೆ ಏನೂ ಇಲ್ಲದಿದ್ದರೂ, ನೋಡುವವನು ಕಣ್ಣು ಕೀಳಬಾರದು.

ಕನ್ನಡದಲ್ಲಿ ಈ ಕೆಲಸವನ್ನು ಅತಿ ಹೆಚ್ಚು ಜನರ ಮೇಲೆ ಮಾಡಿ ಗೆದ್ದ ಚಿತ್ರ ‘ಆಪ್ತಮಿತ್ರ’. ಫಾಜಿಲ್ ನಿರ್ದೇಶನದ, ಮಧು ಮುಟ್ಟಂ ಬರೆದ ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಇದರ ಮೂಲ. ಪಿ. ವಾಸು ನಿರ್ದೇಶಿಸಿ ದ್ವಾರಕೀಶ್ ನಿರ್ಮಿಸಿದ ಕನ್ನಡ ರೂಪ 2004ರ ಆಗಸ್ಟ್‌ನಲ್ಲಿ ತೆರೆಕಂಡಿತು. ಗಂಗಾ ಪಾತ್ರ ಮಾಡಿದ ಸೌಂದರ್ಯ ಆ ಹೊತ್ತಿಗೆ ಬದುಕಿರಲಿಲ್ಲ. ಅದೇ ವರ್ಷದ ಏಪ್ರಿಲ್ 17ರಂದು ಬೆಂಗಳೂರಿನ ಹೊರವಲಯದಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. ಸತ್ತ ನಟಿಯೊಬ್ಬಳು ತೆರೆಯ ಮೇಲೆ ಸತ್ತ ನರ್ತಕಿಯೊಬ್ಬಳಾಗಿ ಮಾರ್ಪಡುವುದನ್ನು ಜನ ಆ ದಿನಗಳಲ್ಲಿ ಭಾರವಾದ ಮನಸ್ಸಿನಿಂದ ನೋಡಿದರು. ಚಿತ್ರದ ಪ್ರಭಾವದಲ್ಲಿ ಆ ದುಃಖದ ಪಾಲೂ ಇತ್ತು.

ಆದರೆ ಎರಡು ದಶಕ ದಾಟಿದ ಮೇಲೂ, ಕಥೆಯ ಗುಟ್ಟು ಮನೆಮಕ್ಕಳಿಗೂ ಗೊತ್ತಿರುವಾಗಲೂ, ಅದು ಟೀವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಕೈ ಬರುವುದಿಲ್ಲ. ಅದಕ್ಕೆ ಕಾರಣ ಚಿತ್ರದ ಪ್ರಾಮಾಣಿಕತೆ. ಅದು ಗಂಗಾಳನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ. ಬೀಗ ಹಾಕಿದ ಕೋಣೆಯ ಬಗ್ಗೆ ಅವಳಿಗಿರುವ ಕುತೂಹಲ, ಸತ್ತ ನರ್ತಕಿ ನಾಗವಲ್ಲಿಯ ಕಥೆ ಕೇಳುವಾಗ ಅವಳ ಕಣ್ಣಲ್ಲಿ ಆಗುವ ಬದಲಾವಣೆ ಎಲ್ಲವೂ ಕಣ್ಣೆದುರೇ ನಡೆಯುತ್ತವೆ. ನಾವು ಮಾತ್ರ ಪ್ರೇಮಾ ಮಾಡಿದ ಸೌಮ್ಯಾಳ ಮೇಲೆ ಅನುಮಾನ ಪಡುತ್ತಾ ಕೂರುತ್ತೇವೆ. ಗುಟ್ಟು ಬಯಲಾದಾಗ ಮೋಸಹೋದ ಸಿಟ್ಟು ಬರುವುದಿಲ್ಲ. ನೋಡಿಯೂ ನೋಡಲಿಲ್ಲವಲ್ಲ ಎಂಬ ಕಸಿವಿಸಿ ಉಳಿಯುತ್ತದೆ. ಹೆಂಡತಿಯ ಬೇಸರವನ್ನು ಕಾಣದ ಗಂಡನ ತಪ್ಪಿನಲ್ಲಿ ನಾವೂ ಪಾಲುದಾರರಾಗಿರುತ್ತೇವೆ. ಹೊರಗೆ ಹೋಗುವುದು ಬೇಡ ಎಂಬ ಒಂದು ಮಾತಿಗೆ ಗಂಗಾಳ ಮುಖ ತಿರುಗುವ, ಮಂಚ ಅವಳ ಕೈಯಲ್ಲಿ ಮೇಲೇಳುವ ಆ ದೃಶ್ಯ ಇಷ್ಟು ಕಾಲ ನಿಂತಿರುವುದು ಮಂಚದ ಭಾರದಿಂದಲ್ಲ. ಎಷ್ಟು ಮನೆಗಳಲ್ಲಿ ಆ ಮಾತನ್ನು ದಿನಾ ಹೇಳಲಾಗುತ್ತದೆ ಎಂಬುದು ನೋಡುವ ಹೆಣ್ಣುಮಕ್ಕಳಿಗೆ ಗೊತ್ತು.

ಪಾವಗಡದ ಪ್ರೇಕ್ಷಕರಿಗೆ ಈ ಚಿತ್ರದಲ್ಲಿ ಇನ್ನೊಂದು ಮಗ್ಗುಲಿದೆ. ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ. ಗಂಗಾ ಅವಳಾದಾಗ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ಆ ಜಾಗಕ್ಕೆ ತೆಲುಗು ಬಂತು. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಕೂತವರಿಗೆ ಕನ್ನಡದ ಸೊಸೆ ಇದ್ದಕ್ಕಿದ್ದಂತೆ ತೆಲುಗು ಆಡುವುದೇ ಮೈ ನವಿರೇಳಿಸುವ ಸಂಗತಿ. ಮೂರು ದಿಕ್ಕಿನಲ್ಲೂ ಆಂಧ್ರ ಸುತ್ತುವರಿದ ಪಾವಗಡದಲ್ಲಿ ತೆಲುಗು ಸಂತೆಯ ಮಾತು, ಅಜ್ಜಿಯ ಮಾತು, ಎಷ್ಟೋ ಮನೆಗಳ ಅಡುಗೆಮನೆಯ ಮಾತು. ಅಲ್ಲಿ ಸೊಸೆ ಭಾಷೆ ಬದಲಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಅಲ್ಲಿನ ಕಿವಿಗೆ ನಾಗವಲ್ಲಿ ಪರಕೀಯಳಾಗದೆ, ಹುಟ್ಟಿದೂರಿನಿಂದ ದೂರ ತಂದು ಅರಮನೆಯಲ್ಲಿ ಕೂಡಿಹಾಕಿದ ನೆಂಟರ ಹುಡುಗಿಯಂತೆ ಕೇಳಿಸಬಲ್ಲಳು. ಸೌಂದರ್ಯ ಅವರದೂ ಗಡಿಯ ಮುಳಬಾಗಿಲು ಮೂಲದ ಕುಟುಂಬ. ಕನ್ನಡದ ಮನೆಯಿಂದ ಹೋಗಿ ತೆಲುಗಿನಲ್ಲಿ ದೊಡ್ಡ ತಾರೆಯಾದವರು. ಎರಡು ಭಾಷೆಗಳ ನಡುವೆ ಅವರು ಅಷ್ಟು ಸರಾಗವಾಗಿ ದಾಟಿದ್ದರಿಂದಲೇ ಆ ರೂಪಾಂತರ ನಟನೆಯೆನಿಸುವುದಿಲ್ಲ.

ಆರು ವರ್ಷಗಳ ನಂತರ ಬಂದ ‘ಆಪ್ತರಕ್ಷಕ’ (2010) ಇದೇ ನಿರ್ದೇಶಕರದು, ಅದೇ ನಾಗವಲ್ಲಿಯ ಕಥೆ. ನಾಯಕನಟ ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡ ನಂತರ ತೆರೆಕಂಡ ಈ ಚಿತ್ರವನ್ನು ಅಭಿಮಾನಿಗಳು ಕಣ್ತುಂಬಿಕೊಂಡು ನೋಡಿದರು. ಅದರ ಬೆಲೆ ಬೇರೆ. ಭಯದ ಲೆಕ್ಕದಲ್ಲಿ ಮಾತ್ರ ಅದು ಮೊದಲಿನದಕ್ಕಿಂತ ಬಹಳ ಹಿಂದೆ ಬೀಳುತ್ತದೆ. ಮೊದಲ ಚಿತ್ರದಲ್ಲಿ ಮನಸ್ಸಿನೊಳಗಿದ್ದದ್ದು ಎರಡನೆಯದರಲ್ಲಿ ಹೊರಗೆ ಬಂತು: ಭಾರೀ ಹಾವು, ನೂರು ದಾಟಿಯೂ ಬದುಕಿರುವ ರಾಜ. ಹೊರಗಿನ ಶತ್ರು ಎಷ್ಟು ದೊಡ್ಡವನಾದರೂ ನಾಯಕ ಅವನನ್ನು ಸೋಲಿಸುತ್ತಾನೆ ಎಂದು ಟಿಕೆಟ್ ಕೊಳ್ಳುವಾಗಲೇ ಗೊತ್ತಿರುತ್ತದೆ. ಗಂಗಾಳನ್ನು ಸೋಲಿಸುವಂತಿರಲಿಲ್ಲ, ಅವಳನ್ನು ಉಳಿಸಿಕೊಳ್ಳಬೇಕಿತ್ತು. ಆತಂಕ ಇದ್ದದ್ದು ಅಲ್ಲಿ.

ಕನ್ನಡದ ಅತ್ಯಂತ ಭಯಾನಕ ಚಿತ್ರ ಯಾವುದೆಂದು ಕೇಳಿದರೆ ದೆವ್ವವೇ ಇಲ್ಲದ ಒಂದು ಚಿತ್ರವನ್ನು ಹೆಸರಿಸಬೇಕಾಗುತ್ತದೆ. ಅದು 1972ರ ‘ಶರಪಂಜರ’. ಅದರ ಮೂಲ, ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಬರೆದ ಕಾದಂಬರಿ. 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟ ಅವರಿಗೆ ಪುಟ್ಟಣ್ಣ ಕಣಗಾಲರ ಈ ಚಿತ್ರ ನೋಡಲು ಆಗಲಿಲ್ಲ. ಹೆರಿಗೆಯ ನಂತರ ಬುದ್ಧಿ ಕದಡಿದ ಕಾವೇರಿ ಚಿಕಿತ್ಸೆ ಮುಗಿಸಿ ಗುಣವಾಗಿ ಮನೆಗೆ ಬರುತ್ತಾಳೆ. ಅಸಲು ಕಥೆ ಅಲ್ಲಿಂದ. ಅವಳು ನಕ್ಕರೆ ಎದುರಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಿಟ್ಟು ಬಂದರೆ ಮತ್ತೆ ಶುರುವಾಯಿತೆನ್ನುತ್ತಾರೆ. ಗಂಡನ ಬೇರೆ ಸಂಬಂಧ ಅವಳ ಕಣ್ಣಿಗೆ ಬಿದ್ದಾಗ ಅದು ಹುಚ್ಚಿಯ ಕಲ್ಪನೆಯಾಗಿಬಿಡುವ ಅಪಾಯವಿದೆ.

ವಿಕ್ರಮ ಕಂಡದ್ದನ್ನು ಯಾರೂ ನಂಬಲಿಲ್ಲ. ಕಾವೇರಿ ನೆಟ್ಟಗಿದ್ದಾಳೆಂಬುದನ್ನೇ ಯಾರೂ ನಂಬುವುದಿಲ್ಲ. ಕಾವೇರಿಯ ಪಾತ್ರ ಮಾಡಿದ ಕಲ್ಪನಾ ಅವರ ಮುಖದಲ್ಲಿ ಆ ನಗು ಸ್ವಲ್ಪಸ್ವಲ್ಪವೇ ಬಿರಿಯುವುದನ್ನು ನೋಡುತ್ತಾ ಕೂರುವುದು ಯಾವ ಪ್ರೇತದ ಮುಖ ನೋಡುವುದಕ್ಕಿಂತಲೂ ಕಷ್ಟ. ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವಲ್ಲಿಗೆ ಚಿತ್ರ ನಿಲ್ಲುತ್ತದೆ. ನೋಡಿದವರಿಗೆ ಸಮಾಧಾನ ಹೇಳಿ ಕಳಿಸುವ ಕೆಲಸ ಪುಟ್ಟಣ್ಣ ಮಾಡಲಿಲ್ಲ. ಆ ಧೈರ್ಯ ನಂತರದ ಬಹುಪಾಲು ಕನ್ನಡದ ಭಯಾನಕ ಚಿತ್ರಗಳಲ್ಲಿ ಕಾಣೆಯಾಗಿದೆ.

ನಿರಾಸೆ ಹುಟ್ಟುವ ಜಾಗ ಹೆಚ್ಚಾಗಿ ಕೊನೆಯ ಅರ್ಧ ಗಂಟೆ. ಅಲ್ಲಿಯವರೆಗೆ ನಾವೇ ಹೆದರಿಕೊಳ್ಳಲು ಬಿಟ್ಟಿದ್ದ ಚಿತ್ರ ಇದ್ದಕ್ಕಿದ್ದಂತೆ ಲೆಕ್ಕ ಒಪ್ಪಿಸತೊಡಗುತ್ತದೆ. ಯಾರು ಸತ್ತರು, ಯಾರು ಕೊಂದರು, ಆತ್ಮಕ್ಕೆ ಏನು ಬೇಕು. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಇದಕ್ಕೆ ನೋವಿನ ಉದಾಹರಣೆ, ಏಕೆಂದರೆ ಅದರ ಮೊದಲರ್ಧ ಅಷ್ಟು ಚೆನ್ನಾಗಿದೆ. ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ, ಸ್ವಲ್ಪ ದೂರ ಉಳಿಯುತ್ತದೆಂದು, ರಸ್ತೆ ವಿಭಜಕದ ಕಲ್ಲು ಸರಿಸಿ ಬೈಕು ತಿರುಗಿಸುವ ಜನ. ಯಾರೂ ತಪ್ಪೆಂದು ಭಾವಿಸದ ಸಣ್ಣ ತಪ್ಪಿನಿಂದ ಭಯ ಹುಟ್ಟಿಸಿದ್ದು ಕನ್ನಡ ಚಿತ್ರರಂಗದ ದೊಡ್ಡ ಹೊಳಹುಗಳಲ್ಲಿ ಒಂದು. ಚಿತ್ರ ನೋಡಿದ ಎಷ್ಟೋ ಬೈಕ್ ಸವಾರರು ತಾವೇ ಸರಿಸಿದ ಕಲ್ಲುಗಳನ್ನು ನೆನೆದಿದ್ದಾರು. ಅಪರಾಧಿ ಭಾವವೇ ದೆವ್ವವಾಗಿದ್ದ ತನಕ ಅದು ನಮ್ಮ ಹಿಂದೆಯೇ ಬರುತ್ತಿತ್ತು. ದೆವ್ವಕ್ಕೆ ಹೆಸರು, ಮನೆ, ಸಂಸಾರ, ಕಾರಣ ಎಲ್ಲ ಸಿಕ್ಕಮೇಲೆ ಅದು ಅವರ ಮನೆಯ ವ್ಯವಹಾರವಾಯಿತು.

ಇನ್ನೊಂದು ರೋಗ ಸದ್ದಿನದು. ತಬಲಾದ ಏಟಿಗೂ ಬೆಕ್ಕಿನ ಜಿಗಿತಕ್ಕೂ ಮೈ ಅದುರುವುದು ನರಗಳ ಕೆಲಸ, ಅದರಲ್ಲಿ ಕಥೆಯ ಪಾಲಿಲ್ಲ. ಹಾಗೆ ಬೆಚ್ಚಿದವರು ಮರುಕ್ಷಣ ನಗುತ್ತಾರೆ. ಥಿಯೇಟರಿನಲ್ಲಿ ಆ ನಗು ಕೇಳಿಸಿತೆಂದರೆ ಬಿಗಿದಿದ್ದ ಗಂಟು ಸಡಿಲಿತೆಂದೇ ಅರ್ಥ. ‘6-5=2’ (2013) ಹೊಸಬರ ಕಡಿಮೆ ದುಡ್ಡಿನ ಚಿತ್ರ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದು ಹೇಳಿಕೊಂಡು, ಹಿನ್ನೆಲೆಯ ಅಬ್ಬರವನ್ನು ಬಿಟ್ಟುಕೊಟ್ಟು, ಕಾಡಿನ ಸದ್ದು ಮತ್ತು ಹುಡುಗರ ಏದುಸಿರಿನಿಂದಲೇ ಜನರನ್ನು ಹಿಡಿದು ಕೂರಿಸಿತು. ಅದರ ಮನೋವಿಜ್ಞಾನ ತೆಳುವಾದರೂ ಕಿವಿಯ ಬಗ್ಗೆ ಅದಕ್ಕಿದ್ದ ತಿಳಿವಳಿಕೆ ದೊಡ್ಡ ಬಜೆಟ್ಟಿನ ಚಿತ್ರಗಳಿಗೆ ಬರಲಿಲ್ಲ.

ಇಲ್ಲಿ ಮಧುಗಿರಿ ಸೀಮೆಯ ನೆಲವನ್ನೇ ಒಮ್ಮೆ ನೋಡಬೇಕು. ಕನ್ನಡದ ದೆವ್ವಗಳಿಗೆ ಚಿತ್ರರಂಗ ಕೊಟ್ಟ ವಿಳಾಸ ಬಹುತೇಕ ಮಲೆನಾಡಿನ ಮಳೆ, ಕರಾವಳಿಯ ಹಳೆಯ ಮನೆ, ಮೈಸೂರಿನ ಅರಮನೆ. ಬಯಲುಸೀಮೆಗೆ ಸಿಕ್ಕಿದ್ದು ಹುಣಸೆ ಮರ ಒಂದೇ. ಅದೂ ಇಲ್ಲಿ ನಡೆಯುವುದಿಲ್ಲ. ತುಮಕೂರು ಜಿಲ್ಲೆ ಹುಣಸೆಯ ಜಿಲ್ಲೆ. ಮರ ಬಡಿದು, ಹಣ್ಣು ಕುಟ್ಟಿ, ಬೀಜ ಬಿಡಿಸಿ ಕೂಲಿ ದುಡಿದ ಹೆಂಗಸರಿಗೆ ಅದರ ಕೆಳಗೆ ಬಿಳಿ ಸೀರೆ ತೋರಿಸಿದರೆ ಏನಾದೀತು?

ಈ ಕಡೆ ಹಿರಿಯರು ಹೆದರಿಸುತ್ತಿದ್ದದ್ದು ಮಟಮಟ ಮಧ್ಯಾಹ್ನಕ್ಕೆ. ಹೊಲದಲ್ಲಿ ಆಳಿಲ್ಲ, ನೆರಳು ಕಾಲಡಿಗೆ ಸರಿದಿದೆ, ಕೆರೆಯಂಗಳ ಬಿರಿದಿದೆ. ಆಗ ಒಂಟಿಯಾಗಿ ಓಡಾಡಬೇಡಿ, ಗಾಳಿ ಸೋಕುತ್ತದೆ ಎನ್ನುತ್ತಿದ್ದರು. ಅಡಗಿಕೊಳ್ಳಲು ಪೊದೆಯೂ ಇಲ್ಲದ ಬಯಲಿನಲ್ಲಿ, ಎಲ್ಲವೂ ನಿಚ್ಚಳವಾಗಿ ಕಾಣುವಾಗ ಹುಟ್ಟುವ ಭಯ ಇದು. ಆರಿ ಆಸ್ಟರ್ 2019ರಲ್ಲಿ ‘ಮಿಡ್‌ಸಮ್ಮರ್’ ಚಿತ್ರದಲ್ಲಿ ಸೂರ್ಯ ಮುಳುಗದ ಸ್ವೀಡನ್ನಿನ ಬೇಸಗೆಯನ್ನು ಭಯಾನಕವಾಗಿಸಿದಾಗ ಜಗತ್ತು ಅಚ್ಚರಿಪಟ್ಟಿತು. ಪಾವಗಡದ ಅಜ್ಜಿಯರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಈಗ 13,000 ಎಕರೆಯಷ್ಟು ಜಮೀನಿನಲ್ಲಿ ಸೌರ ಫಲಕಗಳು ಹಾಸಿಕೊಂಡಿವೆ. 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಹೊಲ ತನ್ನದೇ, ಆದರೆ ಒಳಗೆ ಕಾಲಿಡುವಂತಿಲ್ಲ. ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಅದೂ ಇಲ್ಲ. ಇದೇ ಸೀಮೆಯ ನೆಲದಡಿಯ ನೀರು ತಿಳಿಯಾಗಿಯೇ ಇರುತ್ತದೆ, ಅದರ ಫ್ಲೋರೈಡ್ ಹಲ್ಲು ಕಂದಿಸಿ ಮೂಳೆ ಬಾಗಿಸುತ್ತದೆ. ಕಣ್ಣಿಗೆ ಕಾಣದ್ದು ಒಳಗೊಳಗೇ ಕೆಲಸ ಮಾಡುವ ಕಥೆ ಬರೆಯುವವರಿಗೆ ಇದಕ್ಕಿಂತ ಹತ್ತಿರದ ಸಾಮಗ್ರಿ ಎಲ್ಲಿ ಸಿಗುತ್ತದೆ?

ಮೈಮೇಲೆ ಬರುವುದರ ವಿಷಯವನ್ನೂ ನಮ್ಮ ಚಿತ್ರಗಳು ಒರಟಾಗಿ ಮುಟ್ಟಿವೆ. ಮಧುಗಿರಿಯ ದಂಡಿನ ಮಾರಮ್ಮನಂಥ ಗ್ರಾಮದೇವತೆಗಳ ಸೀಮೆ ಇದು. ಜಾತ್ರೆಯ ದಿನ ಒಬ್ಬಾಕೆಗೆ ದೇವಿ ಮೈದುಂಬಿದರೆ ಜನ ಕೈಮುಗಿದು ಕಷ್ಟ ಹೇಳಿಕೊಳ್ಳುತ್ತಾರೆ. ಅದೇ ನಡುಕ ಮಂಗಳವಾರದ ಸಂಜೆ ಒಲೆಯ ಮುಂದೆ ಬಂದರೆ ಮನೆಯವರು ಬಾಗಿಲು ಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಹೊರತಂದ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯೂ ಇದೇ ಗೆರೆ ಎಳೆಯುತ್ತದೆ: ಸಮುದಾಯ ಒಪ್ಪಿದ ಧಾರ್ಮಿಕ ಸಂದರ್ಭದೊಳಗೆ ಆದದ್ದು ಕಾಯಿಲೆಯಲ್ಲ, ಅದರಾಚೆ, ಬೇಡವೆಂದರೂ ಮೇಲೆ ಬಿದ್ದು ದಿನದ ಬದುಕನ್ನು ಕೆಡಿಸಿದರೆ ಕಾಯಿಲೆ. ಮೈಯ ನಡುಕ ಎರಡೂ ಕಡೆ ಒಂದೇ, ಬದಲಾಗುವುದು ಸುತ್ತಲಿನವರ ಮುಖ. ಕ್ಯಾಮೆರಾ ನಡುಗುವವಳ ಮೇಲಷ್ಟೇ ನಿಂತರೆ ಅರ್ಧ ಕಥೆ ತಪ್ಪಿಹೋಗುತ್ತದೆ.

2025ರ ಜುಲೈಯಲ್ಲಿ ಬಂದು ರಾಜ್ಯವನ್ನೇ ನಗಿಸಿದ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ ಈ ಮುಖಗಳನ್ನು ಚೆನ್ನಾಗಿ ನೋಡಿತು. ಸುಲೋಚನಾ ಎಂಬ ಸತ್ತ ಹೆಂಗಸು ಮೈಮೇಲೆ ಬಂದಿದ್ದಾಳೆಂಬ ಒಂದು ನಾಟಕ ಊರನ್ನೆಲ್ಲ ಆಡಿಸುತ್ತದೆ. ಅದು ಹಾಸ್ಯ ಚಿತ್ರ. ಆದರೆ ಬದುಕಿರುವ ಹೆಣ್ಣಿನ ಮಾತು ಕೇಳದ ಊರು ಸತ್ತವಳ ಹೆಸರಿಗೆ ನಡುಗುವುದನ್ನು ಕಂಡಾಗ ನಗು ಗಂಟಲಲ್ಲೇ ನಿಲ್ಲುತ್ತದೆ.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳ ಕಾಡುಗೊಲ್ಲ ಸಮುದಾಯದ ಹಟ್ಟಿಗಳನ್ನು ಮರೆತು ಈ ಮಾತು ಮುಗಿಸುವಂತಿಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ, ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಗುಡ್ಡೆಯ ಸುತ್ತ ಬೆಳೆದ ಕಾವ್ಯ ಪರಂಪರೆ ಈ ಸಮುದಾಯದ ಹಿರಿಮೆ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಅದೇ ಸಮುದಾಯದ ಹೆಣ್ಣುಮಕ್ಕಳ ಸಂಕಟ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಊರ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆಗಾಳಿಯ ದಿನಗಳಲ್ಲಿ ತೀರಿಕೊಂಡಿತು. 2020ರಲ್ಲಿ ಜಾರಿಯಾದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ದೆವ್ವ ಬಿಡಿಸುವ ಹೆಸರಿನ ಹೊಡೆತವನ್ನೂ, ಹೆಂಗಸರನ್ನು ಹೀಗೆ ಹೊರಗಿಡುವುದನ್ನೂ ಅಪರಾಧಗಳ ಒಂದೇ ಪಟ್ಟಿಯಲ್ಲಿ ಸೇರಿಸಿದೆ. ತ್ರಿವೇಣಿಯ ಕಾವೇರಿಗೆ ಬಂದದ್ದು ಬಾಣಂತಿ ಸನ್ನಿ, ಅದೂ ಅನುಕೂಲಸ್ಥರ ಮನೆಯಲ್ಲಿ. ಹಟ್ಟಿಯ ಹೊರಗಿನ ಗುಡಿಸಲಿನಲ್ಲೋ ರಾತ್ರಿ ಮಳೆ, ಸೋರುವ ಸೂರು, ಎದೆಗೆ ಕಚ್ಚದ ಕೂಸು, ಕೂಗಿದರೂ ಹತ್ತಿರ ಬರಬಾರದೆಂದು ನಂಬಿರುವ ಸ್ವಂತ ಮನೆಯವರು. ಅಂಥಲ್ಲಿ ಒಬ್ಬಳಿಗೆ ಕತ್ತಲಲ್ಲಿ ಏನಾದರೂ ಕಂಡರೆ, ಅದು ದೆವ್ವವೋ ಮನಸ್ಸಿನ ಕದಡೋ ಎಂದು ಚಿತ್ರ ಕೊನೆತನಕ ಹೇಳದೇ ಉಳಿಯಬಹುದು. ಆದರೆ ಅವಳನ್ನು ಅಲ್ಲಿ ಇಟ್ಟವರು ಯಾರು ಎಂಬುದನ್ನು ಹೇಳಲೇಬೇಕು. ಇಂಥ ವಸ್ತುವನ್ನು ಅಗ್ಗದ ಕಿರುಚಾಟಕ್ಕೆ ಬಳಸಿದರೆ ಅದು ಆ ತಾಯಂದಿರಿಗೆ ಮಾಡುವ ಎರಡನೆಯ ಅನ್ಯಾಯವಾಗುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಲ್ಲೂ ಇಂಥದೊಂದು ಕಥೆ ಕಾಯುತ್ತಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾವ್ ಕೋಟೆ ಹಿಡಿದಾಗ ಬಿಡುಗಡೆಯಾದ ಆಕೆ ಪುಣೆ ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡಳು. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಂಗಸು, ಕಾದ ಬಂಡೆಯ ನೆತ್ತಿಯ ಮೇಲೆ ನಾಲ್ಕು ವರ್ಷ. ಒಬ್ಬ ನಿರ್ಮಾಪಕ ಇದನ್ನು ಕೈಗೆತ್ತಿಕೊಂಡರೆ ಮೊದಲು ಬರುವ ಸಲಹೆ ಊಹಿಸಬಹುದು: ರಾಣಿ ಪ್ರೇತವಾಗಲಿ, ಬೆಟ್ಟ ಹತ್ತಲು ಬಂದ ಕಾಲೇಜು ಹುಡುಗರ ಬೆನ್ನು ಹತ್ತಲಿ, ಕೊನೆಗೊಬ್ಬ ಮಾಂತ್ರಿಕ ಬರಲಿ. ಅದರ ಬದಲು ಚಿತ್ರ ಆ ನಾಲ್ಕು ವರ್ಷಗಳೊಳಗೇ ಇರಲಿ. ಆಕೆಗೆ ಊಟ ಕೊಂಡೊಯ್ಯುವ ಕಾವಲುಗಾರನ ಕಣ್ಣಿನಿಂದ ಕಥೆ ಸಾಗಲಿ. ಮಳೆ ಇಲ್ಲದ ರಾತ್ರಿ ಮಳೆಯ ಸದ್ದು ಕೇಳಿಸುತ್ತಿದೆ ಎಂದು ಆಕೆ ಅವನಿಗೆ ಹೇಳಬೇಕು, ಅವನು ನಂಬಬಾರದು. ಇನ್ನೊಂದು ರಾತ್ರಿ ಅದೇ ಸದ್ದು ಅವನಿಗೂ ಕೇಳಬೇಕು, ಆಗ ಅದನ್ನು ಕೆಳಗಿನ ಊರಿನಲ್ಲಿ ಯಾರಿಗೆ ಹೇಳುವುದೆಂದು ಅವನಿಗೆ ತಿಳಿಯಬಾರದು. ಇದಕ್ಕೆ ಅರಮನೆಯ ಸೆಟ್ ಬೇಡ, ಗ್ರಾಫಿಕ್ಸ್ ಬೇಡ. ಮೆಟ್ಟಿಲು ಹತ್ತಿ ಏದುಸಿರು ಬಿಡಬಲ್ಲ ಇಬ್ಬರು ನಟರು, ಧ್ವನಿಮುದ್ರಣ ಬಲ್ಲ ಒಬ್ಬ ತಂತ್ರಜ್ಞ ಮತ್ತು ಕೊನೆಯ ಅರ್ಧ ಗಂಟೆ ವಿವರಣೆ ಸೇರಿಸಿ ಎಂದು ವಿತರಕರು ಕೇಳಿದಾಗ ಆಗುವುದಿಲ್ಲ ಎನ್ನಬಲ್ಲ ಒಬ್ಬ ನಿರ್ದೇಶಕ ಬೇಕು.